ಬಿಸಿಲೂರಲ್ಲಿ ಬಿಸಿನೀರಿನ ಕೆಲಸ: ಸೋಲಾರ್ ವಾಟರ್ ಹೀಟರ್ ಮಾರಾಟ ಮತ್ತು ಅಳವಡಿಕೆಗೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಸೋಲಾರ್ ವಾಟರ್ ಹೀಟರ್ ಮಾರಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ ಇದೇ: "ಏನ್ರೀ, ಬ್ಯಾಸಿಗ್ಯಾಗ ನಳದಾಗಿನ ನೀರೇ ಸುಡ್ತಾವ. ಇನ್ನ ಸೋಲಾರ್ ಯಾಕ್ ಬೇಕ್ರಿ?" ಮಾತು ಸುಳ್ಳಲ್ಲ. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರಿಗೆ ಕೈ ಇಡೋಕಾಗಲ್ಲ. ಆದರೆ ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಆರಕ್ಕೆ ಅದೇ ನಳ ತಿರುಗಿಸಿದರೆ ಮೈ ಜುಮ್ ಅನ್ನುತ್ತೆ. ಬೀದರ್ ಕಡೆ ಚಳಿ ಇನ್ನೂ ಜಾಸ್ತಿ. ವಯಸ್ಸಾದವರು, ಚಿಕ್ಕ ಮಕ್ಕಳು, ಬಾಣಂತಿ ಇರುವ ಮನೆಗೆ ಬಿಸಿನೀರು ಮಳೆಗಾಲದಲ್ಲೂ ಬೇಕು.

ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ತೊಂದರೆ ಇರುವುದು ನೀರಿನಲ್ಲಿ. ಹಾಕಿಸಿದ ಎರಡು ಮೂರು ವರ್ಷಕ್ಕೇ ಸಿಸ್ಟಮ್ ಕೈಕೊಟ್ಟಿದೆ ಅಂದರೆ ಮೊದಲು ಗಡಸು ನೀರನ್ನು ಅನುಮಾನಿಸಿ. ಆಮೇಲೆ ಖಾಲಿ ಬಿದ್ದ ಓವರ್‌ಹೆಡ್ ಟ್ಯಾಂಕು, ತಪ್ಪು ಪೈಪ್ ಜೋಡಣೆ. ನೀರಿನ ಲೆಕ್ಕ ಗೊತ್ತಿರುವವನು ಈ ಧಂದೆಯಲ್ಲಿ ನಿಲ್ಲುತ್ತಾನೆ. ಬರೀ ಡಬ್ಬಿ ಮಾರುವವನು ಎರಡನೇ ಚಳಿಗಾಲಕ್ಕೆ ಫೋನ್ ಎತ್ತೋದು ಬಿಡುತ್ತಾನೆ.

ಹೆಜ್ಜೆ 1: ಮೊದಲು ಕೈಕೆಲಸ, ಆಮೇಲೆ ಅಂಗಡಿ

ಈ ಕೆಲಸದಲ್ಲಿ ಮುಕ್ಕಾಲು ಭಾಗ ಪ್ಲಂಬಿಂಗ್. ಆದ್ದರಿಂದ ಡೀಲರ್‌ಶಿಪ್ ಹಿಂದೆ ಓಡುವ ಮೊದಲು ಪೈಪ್ ಕೆಲಸ ಕಲಿಯಿರಿ. ಐಟಿಐನಲ್ಲಿ ಪ್ಲಂಬರ್ ಟ್ರೇಡ್ ಒಂದು ವರ್ಷದ್ದು. ಅಷ್ಟು ಸಮಯ ಇಲ್ಲದವರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿ ಕೊಟ್ಟು ಉಚಿತವಾಗಿ ಅಲ್ಪಾವಧಿ ತರಬೇತಿ ನಡೆಸುತ್ತವೆ. ಪ್ಲಂಬಿಂಗ್ ಬ್ಯಾಚ್ ಯಾವಾಗ ಅಂತ ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ಕೇಳಿ.

ಸರ್ಟಿಫಿಕೇಟ್ ಸಿಕ್ಕ ಮೇಲೆ ಒಂದು ಪೂರ್ತಿ ಚಳಿಗಾಲ ಅನುಭವಿ ಫಿಟ್ಟರ್ ಒಬ್ಬರ ಕೈಕೆಳಗೆ ದುಡಿಯಿರಿ. ಕೂಲಿ ಕಡಿಮೆ ಸಿಕ್ಕರೂ ಪರವಾಗಿಲ್ಲ. ಹೊಸ ಸಿಸ್ಟಮ್ ಜೋಡಿಸುವಾಗ ಕಲಿಯುವುದಕ್ಕಿಂತ, ಹಳೆಯದನ್ನು ಬಿಚ್ಚಿ ರಿಪೇರಿ ಮಾಡುವಾಗ ಕಲಿಯುವುದು ಜಾಸ್ತಿ.

ಹೆಜ್ಜೆ 2: ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಿರಿ

ಮನೆ ಬಳಕೆಯ ಹೆಚ್ಚಿನ ಸಿಸ್ಟಮ್‌ಗಳಲ್ಲಿ ಮೋಟಾರ್ ಇರೋದಿಲ್ಲ. ಬಿಸಿಯಾದ ನೀರು ಹಗುರಾಗಿ ಮೇಲೇರಿ ಟ್ಯಾಂಕ್ ಸೇರುತ್ತೆ. ತಣ್ಣೀರು ಭಾರವಾಗಿ ಕೆಳಗಿಳಿದು ಅದರ ಜಾಗಕ್ಕೆ ಬರುತ್ತೆ. ಈ ಸುತ್ತಾಟಕ್ಕೆ ಥರ್ಮೋಸೈಫನ್ ಅಂತಾರೆ. ಎಲ್ಲೋ ಒಂದು ಕಡೆ ಪೈಪ್ ಮೇಲಕ್ಕೆ ಕಮಾನಿನಂತೆ ಬಾಗಿ ಗಾಳಿ ಸಿಕ್ಕಿಬಿದ್ದರೆ ಸುತ್ತಾಟ ನಿಂತೇಹೋಗುತ್ತೆ. ಎಷ್ಟೇ ಬಿಸಿಲಿದ್ದರೂ ಟ್ಯಾಂಕಿನಲ್ಲಿ ತಣ್ಣೀರೇ.

ಬಗೆ ಎರಡು. ಫ್ಲಾಟ್ ಪ್ಲೇಟ್‌ನಲ್ಲಿ ಗಾಜಿನ ಕೆಳಗೆ ಕಪ್ಪು ತಗಡು, ಅದಕ್ಕೆ ಅಂಟಿದ ತಾಮ್ರದ ಕೊಳವೆಗಳು. 100 ಲೀಟರಿಗೆ ಸುಮಾರು 2 ಚದರ ಮೀಟರ್ ಪ್ಯಾನಲ್ ಬೇಕು. ಟ್ಯೂಬ್ ಸಿಸ್ಟಮ್‌ನಲ್ಲಿ ಎರಡು ಪದರದ ಗಾಜಿನ ಕೊಳವೆಗಳು, ಪದರಗಳ ನಡುವೆ ಗಾಳಿ ತೆಗೆದ ಜಾಗ. 58 ಮಿಲಿಮೀಟರ್ ದಪ್ಪ, 1800 ಮಿಲಿಮೀಟರ್ ಉದ್ದದ ಟ್ಯೂಬಾದರೆ 100 ಲೀಟರಿಗೆ 10ರಿಂದ 12 ಸಾಕು. ಫ್ಲಾಟ್ ಪ್ಲೇಟ್ ಬೆಲೆ ಟ್ಯೂಬಿನದಕ್ಕಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು. ಫ್ಲಾಟ್ ಪ್ಲೇಟಿಗೆ ಐಎಸ್ 12933, ಟ್ಯೂಬ್ ಸಿಸ್ಟಮ್‌ಗೆ ಐಎಸ್ 16544 ಮಾನದಂಡ. ಯಾವ ಕಂಪನಿ ಮಾಲು ಹಿಡಿದರೂ ಇವೆರಡನ್ನು ಕೇಳಿಯೇ ಹಿಡಿಯಿರಿ.

ಹೆಜ್ಜೆ 3: ನೀರು ಪರೀಕ್ಷೆ ಮಾಡದೆ ಕೊಟೇಶನ್ ಬರೆಯಬೇಡಿ

ವಾಡಿ, ಮಳಖೇಡ, ಸೇಡಂ ಕಡೆ ಇಷ್ಟೊಂದು ಸಿಮೆಂಟ್ ಕಾರ್ಖಾನೆ ಯಾಕಿವೆ? ನೆಲದಡಿ ಸುಣ್ಣದ ಕಲ್ಲು ಇರುವುದಕ್ಕೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರ್ಸಿಯೂ ಅದೇ ಜಾತಿ. ಅಂಥ ಕಲ್ಲಿನ ಸಂದಿಯಿಂದ ಬರುವ ಬೋರ್ ನೀರಿನಲ್ಲಿ ಸುಣ್ಣ ಇಲ್ಲದೆ ಇರುತ್ತಾ? ನೀರು ಕಾದಷ್ಟೂ ಸುಣ್ಣ ಬೇಗ ಬೇರ್ಪಟ್ಟು ಪೈಪಿನ ಒಳಮೈಗೆ ಬಿಳಿ ಪದರವಾಗಿ ಕೂಡುತ್ತೆ. ಫ್ಲಾಟ್ ಪ್ಲೇಟಿನ ತಾಮ್ರದ ಕೊಳವೆ ಅರ್ಧ ಇಂಚಿನಷ್ಟು ಮಾತ್ರ. ಅದು ಕಟ್ಟಿಕೊಂಡರೆ ಕಥೆ ಮುಗಿಯಿತು.

ಹಾಗಾಗಿ ಮೊದಲ ಭೇಟಿಯಲ್ಲೇ ಗಡಸುತನದ ಟೆಸ್ಟ್ ಕಿಟ್ ಜೇಬಲ್ಲಿರಲಿ. ಹನಿ ಹಾಕಿ ಬಣ್ಣ ಬದಲಾಗುವವರೆಗೆ ಎಣಿಸುವ ಚಿಕ್ಕ ಕಿಟ್ ಸಾಕು. ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ತೋರಿಸುತ್ತೆ, ಸುಣ್ಣ ಎಷ್ಟು ಅಂತ ಬಿಡಿಸಿ ಹೇಳೋದಿಲ್ಲ. ಅಳತೆಗೋಲಿಗೆ ಕುಡಿಯುವ ನೀರಿನ ಮಾನದಂಡ ಐಎಸ್ 10500 ಇಟ್ಟುಕೊಳ್ಳಿ. ಅದರಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತೆ ಅಂತಿದೆ.

ನನ್ನ ಲೆಕ್ಕ ಇಷ್ಟೇ. ಬರೀ ನಳದ ನೀರು ಬಳಸುವ, ಗಡಸುತನ 200ರ ಆಸುಪಾಸಿನಲ್ಲಿರುವ ಮನೆಗೆ ಯಾವುದಾದರೂ ಸರಿ. ಬೋರ್ ನೀರು, ಅದೂ ಮುನ್ನೂರು ನಾನೂರು ದಾಟಿದ್ದರೆ ಸಾದಾ ಫ್ಲಾಟ್ ಪ್ಲೇಟ್ ಮಾರಲೇಬೇಡಿ. ಟ್ಯೂಬ್ ಸಿಸ್ಟಮ್ ಕೊಡಿ, ವರ್ಷಕ್ಕೊಮ್ಮೆ ತೊಳೆಯಬೇಕು ಅಂತ ಬಾಯಿಬಿಟ್ಟು ಹೇಳಿ. ಟ್ಯೂಬಿನಲ್ಲೂ ಸುಣ್ಣ ಕೂಡುತ್ತೆ. ಆದರೆ ಬಾಯಿ ಅಗಲ, ಬಿಚ್ಚಿ ತೊಳೆಯಬಹುದು. ದುಡ್ಡಿಗೆ ಹಿಂಜರಿಯದ ಗಿರಾಕಿಯಾದರೆ ಹೀಟ್ ಎಕ್ಸ್‌ಚೇಂಜರ್ ಇರುವ ಫ್ಲಾಟ್ ಪ್ಲೇಟ್ ಒಳ್ಳೆಯದು. ಅದರಲ್ಲಿ ಪ್ಯಾನಲ್ ಒಳಗೆ ಸುತ್ತುವ ನೀರೇ ಬೇರೆ, ಬಳಸುವ ನೀರೇ ಬೇರೆ. ಪ್ಯಾನಲ್ ಕಡೆಗೆ ಒಮ್ಮೆ ಡಿಸ್ಟಿಲ್ಡ್ ವಾಟರ್ ತುಂಬಿದರೆ ಸುಣ್ಣದ ಕಾಟ ಅಲ್ಲಿಗೆ ತಲುಪೋದಿಲ್ಲ.

ಇನ್ನೊಂದು ಪ್ರಶ್ನೆ ಕೇಳೋದು ಮರೆಯಬೇಡಿ: ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ? ದಿನಾ ನೀರು ಬಾರದ ಬಡಾವಣೆಯಲ್ಲಿ ಓವರ್‌ಹೆಡ್ ಟ್ಯಾಂಕ್ ಖಾಲಿಯಾದರೆ ಸೋಲಾರಿಗೂ ನೀರಿಲ್ಲ. ಬಿಸಿನೀರಿನ ಟ್ಯಾಂಕ್ ತುಂಬಿಯೇ ಇದ್ದರೂ ಮೇಲಿಂದ ತಣ್ಣೀರು ತಳ್ಳದೆ ನಳಕ್ಕೆ ಅದು ಬರೋದಿಲ್ಲ. ಇಂಥ ಮನೆಗೆ ಸೋಲಾರಿಗೇ ಅಂತ ಪ್ರತ್ಯೇಕ ತಣ್ಣೀರಿನ ಟ್ಯಾಂಕ್ ಕೂರಿಸುವುದು ಲೇಸು.

ಹೆಜ್ಜೆ 4: ಮಾಳಿಗೆ ಹತ್ತಿ ನೋಡಿ

ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು, ಓರೆ 30 ಡಿಗ್ರಿಯ ಹತ್ತಿರ ಇರಲಿ. ಇಷ್ಟು ಓರೆ ಯಾಕೆ? ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆ ಬಿಸಿಲು ಪೂರಾ ಸಿಗಲಿ ಅಂತ. ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನೆತ್ತಿಗೇ ಬರುತ್ತಾನೆ. ಆಗ ಇದೇ ಓರೆಯಿಂದ ಪ್ಯಾನಲ್ಲಿಗೆ ಬಿಸಿಲು ಸ್ವಲ್ಪ ಕಡಿಮೆ ಬೀಳುತ್ತೆ. ಬೇಸಿಗೆಯಲ್ಲಿ ನೀರು ಅತಿಯಾಗಿ ಕುದಿಯುವುದು ಅಷ್ಟರ ಮಟ್ಟಿಗೆ ತಪ್ಪುತ್ತೆ.

ದಿಕ್ಕು ನೋಡಲು ಮೊಬೈಲ್ ಕಂಪಾಸ್ ಹಿಡಿದರೆ ಸ್ಲ್ಯಾಬಿನೊಳಗಿನ ಕಬ್ಬಿಣ ದಾರಿ ತಪ್ಪಿಸುತ್ತೆ. ನೆಟ್ಟಗೆ ಒಂದು ಕೋಲು ನಿಲ್ಲಿಸಿ, ನೆರಳು ಅತಿ ಚಿಕ್ಕದಾಗುವ ಹೊತ್ತು ನೋಡಿ. ನಮ್ಮಲ್ಲಿ ಅದು 12 ಗಂಟೆಗೆ ಆಗೋದಿಲ್ಲ, 12.20ರ ಆಸುಪಾಸಿನಲ್ಲಿ ಆಗುತ್ತೆ. ಚಳಿಗಾಲದಲ್ಲಿ ಆ ನೆರಳು ತೋರಿಸುವುದು ನೇರ ಉತ್ತರ.

ನೆರಳಿನ ಲೆಕ್ಕವನ್ನು ಡಿಸೆಂಬರ್‌ಗೆ ಹಾಕಿ, ನೀವು ಹೋದ ದಿನಕ್ಕಲ್ಲ. ಡಿಸೆಂಬರ್ ಕೊನೆಯ ವಾರ ನಡು ಮಧ್ಯಾಹ್ನವೂ ಸೂರ್ಯ 49 ಡಿಗ್ರಿಗಿಂತ ಹೆಚ್ಚು ಏರೋದಿಲ್ಲ. 6 ಅಡಿ ಗೋಡೆಯ ನೆರಳು ಆಗಲೇ 5 ಅಡಿ ದಾಟಿರುತ್ತೆ, ಬೆಳಗ್ಗೆ ಒಂಬತ್ತಕ್ಕೆ ಅದರ ದುಪ್ಪಟ್ಟಿಗೂ ಜಾಸ್ತಿ. ಪಕ್ಕದ ಸೈಟ್ ಖಾಲಿ ಇದ್ದರೆ ಮುಂದೆ ಮನೆ ಎದ್ದೀತಾ ಅಂತಲೂ ಕೇಳಿಕೊಳ್ಳಿ.

ಇನ್ನು ಭಾರ. 200 ಲೀಟರಿನ ಟ್ಯೂಬ್ ಸಿಸ್ಟಮ್ ನೀರು ತುಂಬಿ ನಿಂತಾಗ 300 ಕೆಜಿ ಹತ್ತಿರ ಬರುತ್ತೆ. ಆರ್‌ಸಿಸಿ ಮಾಳಿಗೆಗೆ ಇದು ದೊಡ್ಡ ಮಾತಲ್ಲ. ಹಳೇ ಓಣಿಗಳಲ್ಲಿ ಫರ್ಸಿ ಹೊದಿಸಿದ ಮಾಳಿಗೆಗಳು ಇನ್ನೂ ಇವೆ. ಅಲ್ಲಿ ನಡು ಫರ್ಸಿ ಮೇಲೆ ಸ್ಟ್ಯಾಂಡ್ ಕಾಲು ಇಡಬೇಡಿ, ಡ್ರಿಲ್ಲಂತೂ ಹಚ್ಚಲೇಬೇಡಿ. ಗೋಡೆಯಿಂದ ಗೋಡೆಗೆ ಕಬ್ಬಿಣದ ಗರ್ಡರ್ ಹಾಕಿ ಅದರ ಮೇಲೆ ಕೂರಿಸಿ. ಮನೆಯವರು ಒಪ್ಪದಿದ್ದರೆ ಕೆಲಸ ಬಿಟ್ಟು ಬನ್ನಿ. ಹನ್ನೊಂದು ಕೆವಿ ಲೈನ್ ಮಾಳಿಗೆ ಅಂಚಿಗೆ ಹತ್ತಿರ ಹಾದಿದ್ದರೂ ಅದೇ ಮಾತು. ಕಬ್ಬಿಣದ ಕಾಲು, ಪೈಪ್ ಎತ್ತುವಾಗ ಜೀವಕ್ಕೇ ಕುತ್ತು.

ಹೆಜ್ಜೆ 5: ಗಿರಾಕಿಗೆ ಲೆಕ್ಕ ಹೇಳಿ, ಆಸೆ ಹುಟ್ಟಿಸಬೇಡಿ

100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಕರೆಂಟ್ ಬೇಕು. ನಾಲ್ಕೈದು ಮಂದಿಯ ಮನೆಗೆ 100ರಿಂದ 150 ಲೀಟರ್ ಸಾಕಾಗುತ್ತೆ. ಕೂಡು ಕುಟುಂಬ, ನೆಂಟರಿಷ್ಟರು ಜಾಸ್ತಿ ಅಂದರೆ 200.

ಈಗ ಗೃಹಜ್ಯೋತಿ ವಿಷಯ. "ಕರೆಂಟೇ ಫ್ರೀ ಅದ, ಸೋಲಾರ್ ಯಾಕ?" ಅನ್ನುವವರಿಗೆ ಸುಮ್ನೆ ವಾದ ಹಾಕಬೇಡಿ, ಬಿಲ್ ತರಿಸಿ ನೋಡಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಉಚಿತ ಯೂನಿಟ್ ಗೊತ್ತುಮಾಡಿದ್ದಾರೆ. ಮೇಲಿನ ಮಿತಿ 200. ಒಂದು ತಿಂಗಳು 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಬೇರೆ ತಿಂಗಳು 150 ಯೂನಿಟ್ ಸುಡುವ ಮನೆ ಚಳಿಗಾಲದಲ್ಲಿ 210 ಆಯಿತು ಅಂದುಕೊಳ್ಳಿ. ಯೂನಿಟ್‌ಗೆ 6 ರೂಪಾಯಿ ಹತ್ತಿರ ಹಿಡಿದರೂ 1,200 ರೂಪಾಯಿ ದಾಟಿತು, ಫಿಕ್ಸೆಡ್ ಚಾರ್ಜ್ ಬೇರೆ. ಇಂಥ ಮನೆಗೆ ಸೋಲಾರ್ ನಿಜಕ್ಕೂ ಲಾಭ.

ತಿಂಗಳಿಗೆ 80 ಯೂನಿಟ್ ಬಳಸುವ, ಚಳಿಗಾಲದಲ್ಲಿ ಒಂದು ಹಂಡೆ ನೀರು ಕಾಯಿಸುವ ಗಂಡ ಹೆಂಡತಿಗೆ ಅಷ್ಟು ಲಾಭವಿಲ್ಲ. ಅವರಿಗೆ ಹಾಗಂತಲೇ ಹೇಳಿ. ಅವರು ತಮ್ಮ ಅಳಿಯನ ಹೊಸ ಮನೆಗೆ ನಿಮ್ಮನ್ನೇ ಕಳಿಸುತ್ತಾರೆ.

ಸಬ್ಸಿಡಿ ಪ್ರಶ್ನೆ ಬಂದೇ ಬರುತ್ತೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ, ಅಂದರೆ 3 ಕಿಲೋವ್ಯಾಟಿಗೆ 78,000 ರೂಪಾಯಿ, ಕರೆಂಟ್ ಉತ್ಪಾದಿಸುವ ಪ್ಯಾನಲ್ಲಿಗೆ ಮಾತ್ರ. ವಾಟರ್ ಹೀಟರಿಗೆ ಕೇಂದ್ರದ ಸಬ್ಸಿಡಿ 2014ರಲ್ಲೇ ನಿಂತಿದೆ. "ಸಬ್ಸಿಡಿ ಕೊಡಿಸ್ತೀನಿ" ಅಂತ ಮಾರುವವರ ಜೊತೆ ಸೇರಬೇಡಿ. ಹೇಳಬಹುದಾದ ನಿಜ ಇನ್ನೊಂದಿದೆ. ಸೋಲಾರ್ ವಾಟರ್ ಹೀಟರ್ ಇರುವ ಮನೆಗೆ ವಿದ್ಯುತ್ ದರಪಟ್ಟಿಯಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಆ ವರ್ಷದ ದರಪಟ್ಟಿ ತೋರಿಸಿ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಕಚೇರಿಯಲ್ಲಿ ಅರ್ಜಿ ಹಾಕಿಸಿ. ದೊಡ್ಡ ಮೊತ್ತವಲ್ಲ, ಆದರೆ ಅರ್ಜಿ ನೀವೇ ಬರೆದುಕೊಟ್ಟರೆ ಗಿರಾಕಿ ನೆನಪಿಡುತ್ತಾರೆ. ನಗರ ವ್ಯಾಪ್ತಿಯಲ್ಲಿ ನಿಗದಿತ ಅಳತೆಗಿಂತ ದೊಡ್ಡ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಅಂತ ರಾಜ್ಯ ಸರ್ಕಾರ 2007ರಲ್ಲೇ ಆದೇಶ ಹೊರಡಿಸಿದೆ. ಮನೆ ಕಟ್ಟುವವರಿಗೆ ಇದನ್ನೂ ತಿಳಿಸಿ.

ಶವರ್ ಬಗ್ಗೆ ಮೊದಲೇ ಮಾತಾಡಿಬಿಡಿ. ತಣ್ಣೀರಿನ ಟ್ಯಾಂಕ್ 1 ಮೀಟರ್ ಎತ್ತರ ಇದ್ದರೆ ಸಿಗುವ ಒತ್ತಡ 0.1 ಬಾರ್ ಅಷ್ಟೇ. ಲಾಡ್ಜಿನಲ್ಲಿ ಕಂಡ ದೊಡ್ಡ ಶವರ್ ಅದರಲ್ಲಿ ಓಡೋದಿಲ್ಲ. ಸಾದಾ ಟ್ಯೂಬ್ ಸಿಸ್ಟಮ್‌ಗೆ ಒಳಬರುವ ಕಡೆ ಪ್ರೆಷರ್ ಪಂಪ್ ಹಚ್ಚಿದರೆ ಟ್ಯಾಂಕ್ ಉಬ್ಬುತ್ತೆ, ಟ್ಯೂಬ್ ಕೂಡುವ ಕಡೆಯ ರಬ್ಬರ್ ರಿಂಗ್ ಸೋರುತ್ತೆ. ಒತ್ತಡ ಬೇಕೇ ಬೇಕು ಅನ್ನುವವರಿಗೆ ಒತ್ತಡ ತಡೆಯುವ ಟ್ಯಾಂಕಿನ ಮಾಡೆಲ್ಲೇ ಕೊಡಬೇಕು.

ಹೆಜ್ಜೆ 6: ಕೂರಿಸುವ ಕ್ರಮ

ಮೊದಲು ಸ್ಟ್ಯಾಂಡ್. ಲೆವೆಲ್ ಹಿಡಿದು ಕಾಲು ಕೂರಿಸಿ, ಕಾಂಕ್ರೀಟ್ ಗಟ್ಟೆ ಹಾಕಿ ಬಿಗಿಯಿರಿ. ಮುಂಗಾರಿಗೆ ಮುಂಚಿನ ಗಾಳಿ ಮಳೆಗೆ ಸಡಿಲ ಸ್ಟ್ಯಾಂಡ್ ಹಾರಿಹೋಗುತ್ತೆ.

ಆಮೇಲೆ ಟ್ಯಾಂಕ್. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಕನಿಷ್ಠ ಒಂದು ಅಡಿ ಮೇಲಿರಲಿ. ಫ್ಲಾಟ್ ಪ್ಲೇಟ್ ಆದರೆ ಸೋಲಾರ್ ಟ್ಯಾಂಕಿನ ತಳ ಪ್ಯಾನಲ್ಲಿನ ಮೇಲಂಚಿಗಿಂತ ಒಂದು ಅಡಿ ಎತ್ತರ. ಇಲ್ಲದಿದ್ದರೆ ರಾತ್ರಿ ಸುತ್ತಾಟ ಉಲ್ಟಾ ಆಗಿ ಬಿಸಿನೀರು ಪ್ಯಾನಲ್ಲಿಗೆ ಇಳಿದು ತಣ್ಣಗಾಗುತ್ತೆ.

ಟ್ಯಾಂಕಿನ ನೆತ್ತಿಯಿಂದ ಹೊರಡುವ ಗಾಳಿ ಪೈಪಿನ ತುದಿ ತಣ್ಣೀರಿನ ಟ್ಯಾಂಕಿನ ತುಂಬು ಮಟ್ಟಕ್ಕಿಂತ ಮೇಲಿರಬೇಕು. ಕಡಿಮೆಯಾದರೆ ನೀರು ಅಲ್ಲಿಂದಲೇ ಸುರಿಯುತ್ತೆ. ಸುರಿಯುತ್ತೆ ಅಂತ ಆ ಪೈಪಿಗೆ ಬಿರಡೆ ಬಡಿಯುವವರೂ ಇದ್ದಾರೆ. ಹಾಗೆ ಮಾಡಿದರೆ ನೀರು ಎಳೆದಾಗ ಒಳಗೆ ಗಾಳಿ ಹೋಗದೆ ಸ್ಟೀಲ್ ಟ್ಯಾಂಕು ಚಪ್ಪಟೆಯಾಗುತ್ತೆ. ಅದಕ್ಕೆ ವಾರಂಟಿ ಸಿಗೋದಿಲ್ಲ.

ಒಳಬರುವ ತಣ್ಣೀರಿನ ಲೈನ್ ಸೋಲಾರಿಗೇ ಮೀಸಲು. ಅದರಲ್ಲಿ ಬೇರೆ ನಳ ತೆಗೆಯಬೇಡಿ. ನೀರು ವಾಪಸ್ ಹೋಗದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್, ಕೆಳಗೆ ಒಂದು ಡ್ರೈನ್ ವಾಲ್ವ್ ಇರಲಿ. ಬಿಸಿನೀರಿಗೆ ಬಿಸಿ ತಡೆಯುವ ಪ್ಲಾಸ್ಟಿಕ್ಕಾದ ಸಿಪಿವಿಸಿ ಅಥವಾ ಸತು ಲೇಪಿಸಿದ ಕಬ್ಬಿಣದ ಜಿಐ ಪೈಪ್. ಸಾದಾ ಪಿವಿಸಿ ಬಿಸಿಗೆ ಜೋತುಬಿದ್ದು ಜಾಯಿಂಟ್ ಬಿಡುತ್ತೆ. ಹೊರಗೆ ಓಡುವ ಬಿಸಿ ಪೈಪಿಗೆ ಫೋಮ್ ಸುತ್ತಿ, ಮೇಲೆ ಬಿಸಿಲು ತಡೆಯುವ ಟೇಪ್. ಮುಕ್ಕಾಲು ಇಂಚಿನ ಪೈಪ್ 15 ಮೀಟರ್ ಓಡಿದರೆ ಬಿಸಿನೀರು ಬರುವ ಮುಂಚೆ ಸುಮಾರು 4 ಲೀಟರ್ ತಣ್ಣೀರು ಹೋಗುತ್ತೆ. ನೀರಿಗೆ ಪರದಾಡುವ ಊರಲ್ಲಿ ಅದೂ ದಂಡವೇ. ಬಚ್ಚಲಿಗೆ ಹತ್ತಿರದ ದಾರಿ ಹುಡುಕಿ.

ಟ್ಯೂಬ್ ಕೊನೆಗೆ. ರಬ್ಬರ್ ರಿಂಗಿಗೆ ಸೋಪಿನ ನೀರು ಹಚ್ಚಿ, ತಿರುಗಿಸುತ್ತ ಮೆಲ್ಲಗೆ ಒಳದೂಡಿ. ಎಣ್ಣೆ, ಗ್ರೀಸ್ ಬೇಡ. ಈ ಕೆಲಸ ಬೆಳಗಿನ ಜಾವ ಅಥವಾ ಸಂಜೆ ಮಾಡಿ, ಇಲ್ಲವೇ ಟ್ಯೂಬಿಗೆ ಗೋಣಿತಟ್ಟು ಹೊದಿಸಿ. ನೀರಿಲ್ಲದೆ ಬಿಸಿಲಿಗೆ ನಿಂತ ಟ್ಯೂಬಿನ ಒಳಗೆ ಶಾಖ 200 ಡಿಗ್ರಿ ದಾಟಬಹುದು. ಅದಕ್ಕೆ ತಣ್ಣೀರು ಬಿದ್ದರೆ ಫಟ್ ಅಂತ ಒಡೆಯುತ್ತೆ. ಇದನ್ನು ಮನೆಯವರಿಗೂ ಹೇಳಿಕೊಡಿ. ಬೇಸಿಗೆಯಲ್ಲಿ ನೀರು ಖಾಲಿಯಾಗಿ ನಿಂತ ಸಿಸ್ಟಮ್‌ಗೆ ನಡು ಮಧ್ಯಾಹ್ನ ಮೋಟಾರ್ ಹಚ್ಚಿ ನೀರು ಬಿಡಬಾರದು.

ಬಿಸಿಲಿಲ್ಲದ ದಿನಕ್ಕೆ ಅಂತ ಟ್ಯಾಂಕಿನೊಳಗೆ ಕರೆಂಟಿನ ಬ್ಯಾಕಪ್ ಕಾಯಿಲ್ ಹಾಕುವುದಾದರೆ ಅರ್ಥಿಂಗ್ ಮತ್ತು ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬಂದ್ ಆಗುವ ಸ್ವಿಚ್) ಇಲ್ಲದೆ ಕನೆಕ್ಷನ್ ಕೊಡಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಅದನ್ನು ಮಾಡಲಿ.

ಹೆಜ್ಜೆ 7: "ಬಿಸಿನೀರು ಬರವಲ್ದು" ಅಂತ ಫೋನ್ ಬಂದಾಗ

ಮಾಳಿಗೆ ಹತ್ತುವ ಮೊದಲು ಬಚ್ಚಲಿಗೆ ಹೋಗಿ. ಕೈ ಶವರ್‌ಗೆ ತುದಿಯಲ್ಲಿ ಬಂದ್ ಮಾಡುವ ಗುಂಡಿ ಇದ್ದು, ಮಿಕ್ಸರ್ ಎರಡೂ ಕಡೆ ತೆರೆದೇ ಇದ್ದರೆ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತೆ. ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ಆಮೇಲೆ ಮೇಲೆ ಹೋಗಿ ಟ್ಯಾಂಕಿನ ಬಾಯಲ್ಲೇ ನೀರಿನ ಶಾಖ ಅಳೆಯಿರಿ. ಅಲ್ಲಿ ಬಿಸಿ ಇದ್ದು ಕೆಳಗೆ ಇಲ್ಲ ಅಂದರೆ ಪೈಪಿನ ತೊಂದರೆ. ಅಲ್ಲೂ ತಣ್ಣಗಿದ್ದರೆ ಟ್ಯೂಬ್ ನೋಡಿ. ಒಳ್ಳೆ ಟ್ಯೂಬಿನ ಕೆಳತುದಿ ಬೆಳ್ಳಿಯಂತೆ ಹೊಳೆಯುತ್ತೆ. ಗಾಳಿ ಹೊಕ್ಕು ಕೆಟ್ಟದ್ದು ಹಾಲಿನಂತೆ ಬಿಳಿಯಾಗಿರುತ್ತೆ. ಅದನ್ನಷ್ಟೇ ಬದಲಾಯಿಸಿ. ಸಿಮೆಂಟ್ ಕಾರ್ಖಾನೆ ಸುತ್ತಲಿನ ಊರುಗಳಲ್ಲಿ ಬರೀ ಧೂಳು ಒರೆಸಿದರೂ ವ್ಯತ್ಯಾಸ ಕಾಣುತ್ತೆ.

ಸುಣ್ಣ ತೆಗೆಯಲು ಟಾಯ್ಲೆಟ್ ಆಸಿಡ್ ಸುರಿಯುವವರನ್ನು ಕಂಡಿರುತ್ತೀರಿ. ಅದು ಸ್ಟೀಲ್ ಟ್ಯಾಂಕಿನ ವೆಲ್ಡಿಂಗನ್ನೇ ತಿನ್ನುತ್ತೆ. ಸಿಟ್ರಿಕ್ ಆಸಿಡ್, ಅಂದರೆ ನಿಂಬುಹುಳಿ ಪುಡಿ ಕರಗಿಸಿ ಬಿಟ್ಟು, ಚೆನ್ನಾಗಿ ತೊಳೆಯಿರಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ರಾಡ್ ಒಳಗಿದ್ದರೆ ಅದನ್ನೂ ತೆಗೆದು ನೋಡಿ, ಸವೆದಿದ್ದರೆ ಹೊಸದು ಹಾಕಿ. ಗಾಜು ಒಡೆದರೆ ಸಾಮಾನ್ಯವಾಗಿ ವಾರಂಟಿಗೆ ಬರೋದಿಲ್ಲ. ಮಂಗನ ಕಾಟವೋ, ಏಪ್ರಿಲ್‌ನ ಆಲಿಕಲ್ಲೋ, ಹುಡುಗರ ಕ್ರಿಕೆಟ್ಟೋ, ಕಾರಣ ಏನೇ ಇರಲಿ. ನಾಲ್ಕಾರು ಟ್ಯೂಬ್ ಸದಾ ಸ್ಟಾಕ್ ಇಟ್ಟುಕೊಳ್ಳಿ.

ಹೆಜ್ಜೆ 8: ಕಾಗದಪತ್ರ, ಬಂಡವಾಳ

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಅಂಗಡಿ ಇಟ್ಟರೆ ಪಾಲಿಕೆ ಅಥವಾ ಪುರಸಭೆಯ ಟ್ರೇಡ್ ಲೈಸೆನ್ಸ್ ಬೇಕು. ಮಾಲಿನ ಜೊತೆ ಅಳವಡಿಕೆ ಸೇವೆಯೂ ಕೊಡುವುದರಿಂದ ವರ್ಷದ ವಹಿವಾಟು 20 ಲಕ್ಷ ದಾಟುವ ಮೊದಲು ಜಿಎಸ್‌ಟಿ ನೋಂದಣಿ ಮಾಡಿಸಿ. ನಮ್ಮ ಗಡಿ ಜಿಲ್ಲೆಗಳವರು ಇನ್ನೊಂದು ವಿಷಯ ತಿಳಿದಿರಬೇಕು. ಸೊಲ್ಲಾಪುರಕ್ಕೋ ಜಹೀರಾಬಾದಿಗೋ ಒಂದೇ ಸಿಸ್ಟಮ್ ಮಾರಿದರೂ ಅದು ಹೊರರಾಜ್ಯದ ಮಾರಾಟ, ಆಗ ಈ ಮಿತಿಯ ರಿಯಾಯಿತಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೇ ರೇಟಿನ ಕೊಟೇಶನ್ ಇಟ್ಟುಕೊಂಡು ಗಿರಾಕಿ ಕಳೆದುಕೊಳ್ಳಬೇಡಿ.

ಸಾಲಕ್ಕೆ ಮುದ್ರಾ ಇದೆ. ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ. ಪೈಪ್ ಕಟರ್, ಡ್ರಿಲ್, ಲೆವೆಲ್, ಮಲ್ಟಿಮೀಟರ್, ಗಟ್ಟಿ ಹಗ್ಗ, ಸೇಫ್ಟಿ ಬೆಲ್ಟ್, ಏಣಿ ಕೊಳ್ಳಲು ಶಿಶು ಸಾಲವೇ ಸಾಕು. ಶೋರೂಮ್ ಈಗ ಬೇಡ ಅಂತ ನನ್ನ ಅಭಿಪ್ರಾಯ. ಮೊದಲ ಎರಡು ವರ್ಷ ಗಿರಾಕಿ ಬಂದ ಮೇಲೆ ಡೀಲರ್ ಹತ್ತಿರ ಮಾಲು ಎತ್ತಿ. ಬಾಡಿಗೆ ಉಳಿಯುತ್ತೆ, ಸ್ಟಾಕ್ ಕೊಳೆಯೋದಿಲ್ಲ.

ಹೆಜ್ಜೆ 9: ಗಿರಾಕಿ ಎಲ್ಲಿ, ದುಡ್ಡು ಯಾವಾಗ

ಮಾರಾಟದ ಸೀಸನ್ ದಸರಾದಿಂದ ಸಂಕ್ರಾಂತಿವರೆಗೆ. ಆದರೆ ಹಳ್ಳಿ ಕಡೆ ಕೈಗೆ ದುಡ್ಡು ಬರುವುದು ತೊಗರಿ ರಾಶಿಯಾಗಿ ಮಾರಿದ ಮೇಲೆ, ಅಂದರೆ ಜನವರಿ, ಫೆಬ್ರವರಿ. ಈ ನಡುವಿನ ಎರಡು ಮೂರು ತಿಂಗಳಲ್ಲೇ ಉದ್ರಿ ಕೇಳುವವರು ಜಾಸ್ತಿ. ಮಾಲಿನ ಪೂರ್ತಿ ಬೆಲೆ ಮುಂಗಡ ತೆಗೆದುಕೊಳ್ಳಿ. ಕೂಲಿ ಮತ್ತು ಲಾಭದ ಭಾಗವನ್ನು ಬೇಕಾದರೆ ರಾಶಿವರೆಗೆ ಬಿಡಿ. ಹೀಗಿದ್ದರೆ ಯಾರು ತಡ ಮಾಡಿದರೂ ಡೀಲರ್ ಮುಂದೆ ನೀವು ತಲೆ ತಗ್ಗಿಸಬೇಕಾಗಿಲ್ಲ.

ಪೇಪರ್ ಜಾಹೀರಾತಿಗಿಂತ ಗೌಂಡಿಗಳ ಸ್ನೇಹ ದೊಡ್ಡದು. ಸೇಡಂ ರಸ್ತೆ, ಜೇವರ್ಗಿ ರಸ್ತೆ, ರಿಂಗ್ ರೋಡ್ ಆಚೆಯ ಬಡಾವಣೆಗಳಲ್ಲಿ ಸ್ಲ್ಯಾಬ್ ಬಿದ್ದ ಮನೆ ಕಂಡರೆ ನಿಂತು ಮಾತಾಡಿಸಿ. ಪ್ಲಾಸ್ಟರ್ ಆಗುವ ಮುಂಚೆ ಮಾಳಿಗೆಯಿಂದ ಬಚ್ಚಲಿಗೆ ಬಿಸಿನೀರಿನ ಪೈಪ್ ಇಳಿಸಿಟ್ಟರೆ ಮುಂದೆ ಗೋಡೆ ಒಡೆಯೋದು ತಪ್ಪುತ್ತೆ. ಆ ಪೈಪ್ ಕೆಲಸ ಕಡಿಮೆ ಕೂಲಿಗೆ ಮಾಡಿಕೊಟ್ಟರೂ ನಷ್ಟವಿಲ್ಲ, ಸಿಸ್ಟಮ್ ನಿಮ್ಮಿಂದಲೇ ಹೋಗುತ್ತೆ. ಹಾಸ್ಟೆಲ್, ಪಿಜಿ, ನರ್ಸಿಂಗ್ ಹೋಮ್‌ಗಳಿಗೆ ವರ್ಷವಿಡೀ ಬಿಸಿನೀರು ಬೇಕು. ಗುಲಬರ್ಗಾ ವಿಶ್ವವಿದ್ಯಾಲಯದ ಸುತ್ತಮುತ್ತ, ಆಳಂದ ರಸ್ತೆಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಕಡೆ ಒಂದು ಸುತ್ತು ಹಾಕಿ ಬನ್ನಿ.

ಬೇಸಿಗೆ ಖಾಲಿ ಕೂರುವ ಕಾಲವಲ್ಲ, ಅದು ಸರ್ವೀಸಿನ ಕಾಲ. ಬಿಸಿನೀರು ಬೇಡದ ಏಪ್ರಿಲ್, ಮೇನಲ್ಲಿ ಟ್ಯಾಂಕ್ ಖಾಲಿ ಮಾಡಿ ಸುಣ್ಣ ತೊಳೆದರೆ ಯಾರಿಗೂ ತೊಂದರೆಯಿಲ್ಲ. ಬಿಸಿಲೇರುವ ಮುಂಚೆಯೇ ನೀರು ತುಂಬಿಸಿ ಮುಗಿಸಿ ಇಳಿಯಿರಿ. ವರ್ಷದ ಸರ್ವೀಸಿಗೆ ಇಷ್ಟು ಅಂತ ಮಾರಾಟದ ದಿನವೇ ರಸೀದಿಯಲ್ಲಿ ಬರೆದುಕೊಡಿ. ಪ್ರತಿ ಮನೆಗೂ ಡೈರಿಯಲ್ಲಿ ಒಂದು ಪುಟ ಇರಲಿ: ಕೂರಿಸಿದ ತಾರೀಖು, ಟ್ಯಾಂಕ್ ನಂಬರ್, ಟ್ಯೂಬಿನ ಅಳತೆ, ಅಂದು ಅಳೆದ ಗಡಸುತನ, ರಾಡ್ ಬದಲಿಸಿದ ದಿನ. ಬೋರ್ ಬದಲಾದರೆ ಗಡಸುತನವೂ ಬದಲಾಗುತ್ತೆ, ಆದ್ದರಿಂದ ಪ್ರತಿ ಸರ್ವೀಸಿಗೂ ನೀರನ್ನು ಹೊಸದಾಗಿ ಅಳೆದು ಅದೇ ಪುಟದಲ್ಲಿ ಬರೆಯಿರಿ.